ಒಂದೇ ಶೇರಿನ ಮೇಲೆ ಇಡೀ ಮನೆಯ ಭಾರ ಬೇಡ

ಮಳೆಗಾಲ ಬಂತೆಂದರೆ ಕಾಸರಗೋಡಿನ ತೋಟದ ಮನೆಗಳಲ್ಲಿ ನಮಗೆಲ್ಲ ಕೊಳೆರೋಗದ ಚಿಂತೆ. ಅಡಿಕೆಯೊಂದನ್ನೇ ನಂಬಿದವರಿಗೆ ಆ ವರ್ಷ ಸಾಲವೇ ಗತಿ. ತೆಂಗು, ಬಾಳೆ, ಹಟ್ಟಿಯಲ್ಲಿ ಎರಡು ದನ ಇದ್ದವರು ಹೇಗಾದರೂ ವರ್ಷ ದಾಟಿಸುತ್ತಾರೆ. ಹಿರಿಯರಿಂದ ಬಂದ ಈ ಬುದ್ಧಿಯನ್ನು ನಾವು ತೋಟದಲ್ಲೇ ಬಿಟ್ಟುಬಿಡುತ್ತೇವೆ. ನಿವೃತ್ತಿಯ ಹಣ ಕೈಗೆ ಬಂದಾಗ ಯಾರೋ ಒಬ್ಬರು "ಈ ಶೇರು ಏರುವುದು ಖಂಡಿತ" ಎಂದರೆ ಸಾಕು, ಎಲ್ಲವನ್ನೂ ಅದಕ್ಕೇ ಹಾಕಲು ಹೊರಡುತ್ತೇವೆ.

ಸತ್ಯಂ ಕಂಪ್ಯೂಟರ್ಸ್ ಕಂಪೆನಿಯನ್ನು ನೆನೆಯೋಣ. ಉತ್ತಮ ಆಡಳಿತಕ್ಕಾಗಿ ಪ್ರಶಸ್ತಿ ಪಡೆದಿದ್ದ ಕಂಪೆನಿ ಅದು. 2009ರ ಜನವರಿ 7ರಂದು ಅಧ್ಯಕ್ಷ ರಾಮಲಿಂಗ ರಾಜು ಅವರು ಲೆಕ್ಕಪತ್ರ ಸುಳ್ಳೆಂದು ಒಪ್ಪಿಕೊಂಡರು. ಹಿಂದಿನ ದಿನ ಸುಮಾರು 179 ರೂಪಾಯಿ ಇದ್ದ ಶೇರು ಅಂದು ಸಂಜೆ 40 ರೂಪಾಯಿಯ ಆಸುಪಾಸಿಗೆ ಇಳಿಯಿತು.

ಒಂದು ಲಕ್ಷವನ್ನೂ ಅದರಲ್ಲೇ ಹಾಕಿದ್ದವರಿಗೆ ಉಳಿದದ್ದು ಸುಮಾರು 22 ಸಾವಿರ. ಅದೇ ಲಕ್ಷವನ್ನು 20 ಕಂಪೆನಿಗಳಿಗೆ ಐದೈದು ಸಾವಿರದಂತೆ ಹಂಚಿದ್ದರೆ ಸತ್ಯಂನಿಂದಾದ ನಷ್ಟ ನಾಲ್ಕು ಸಾವಿರವನ್ನೂ ದಾಟುತ್ತಿರಲಿಲ್ಲ. ಆದರೆ ಅಂದು ಸೆನ್ಸೆಕ್ಸ್ ಕೂಡ ಶೇ. 7ಕ್ಕಿಂತ ಹೆಚ್ಚು ಬಿತ್ತು. ಒಂದು ಕಂಪೆನಿಯ ಮೋಸದಿಂದ ಹಂಚಿಕೆ ನಮ್ಮನ್ನು ಕಾಯುತ್ತದೆ. ಇಡೀ ಪೇಟೆ ಬಿದ್ದಾಗ ಅಷ್ಟಾಗಿ ಕಾಯದು. 2020ರ ಮಾರ್ಚ್ 23ರಂದು ಕೊರೋನಾ ಭಯಕ್ಕೆ ಸೆನ್ಸೆಕ್ಸ್ ಒಂದೇ ದಿನ ಶೇ. 13ರಷ್ಟು ಕುಸಿದದ್ದು ನೆನಪಿರಲಿ.

ಹಂಚುವುದರಲ್ಲೂ ಜಾಣ್ಮೆ ಬೇಕು. ಅಡಿಕೆ ಮರಕ್ಕೆ ಒಳ್ಳೆಮೆಣಸಿನ ಬಳ್ಳಿ ಹಬ್ಬಿಸಿ ಎರಡು ಬೆಳೆ ಎನ್ನುತ್ತೇವೆ. ಮರ ಬಿದ್ದರೆ ಬಳ್ಳಿಯೂ ನೆಲಕ್ಕೆ. ಅತಿಮಳೆಗೆ ಅಡಿಕೆಗೆ ಕೊಳೆ, ಬಳ್ಳಿಗೆ ಸೊರಗು. ಎರಡೂ ಒಟ್ಟಿಗೇ ಬರುತ್ತವೆ. ಹತ್ತು ಶೇರು ಕೊಂಡು ಹತ್ತೂ ಕಂಪ್ಯೂಟರ್ ಕಂಪೆನಿಗಳದ್ದೇ ಆದರೆ ಇದೇ ಕಥೆ. ಶೇರುಗಳ ಎಣಿಕೆ ಮಾತ್ರ ಸಾಲದು, ಅವು ಒಟ್ಟಿಗೆ ಏರಿ ಇಳಿಯುತ್ತವೆಯೇ ಎಂಬುದನ್ನೂ ನೋಡಬೇಕು. ಇದನ್ನು 1952ರಲ್ಲಿ ಲೆಕ್ಕ ಹಾಕಿ ತೋರಿಸಿದ ಅಮೆರಿಕದ ಹ್ಯಾರಿ ಮಾರ್ಕೊವಿಟ್ಜ್ ಅವರಿಗೆ 1990ರಲ್ಲಿ ಇನ್ನಿಬ್ಬರೊಂದಿಗೆ ನೊಬೆಲ್ ಪುರಸ್ಕಾರ ದೊರೆಯಿತು.

ಹಂಚಿದವರಿಗೆ ಒಂದು ಶೇರು ದುಪ್ಪಟ್ಟಾದರೂ ದೊಡ್ಡ ಲಾಭವಿಲ್ಲ, ನಿಜ. ಆದರೆ ಒಂದು ಕಂಪೆನಿ ಮುಳುಗಿದರೆ ಮನೆ ಮುಳುಗುವುದಿಲ್ಲ. ಬ್ಯಾಂಕು, ಔಷಧ, ಸಿಮೆಂಟು, ದಿನಬಳಕೆಯ ಸಾಮಾನು ಎಂದು ಬೇರೆ ಬೇರೆ ಉದ್ಯಮಗಳಲ್ಲಿ ಹಣವಿಡೋಣ. ಅಷ್ಟು ಪುರುಸೊತ್ತಿಲ್ಲದವರಿಗೆ 50 ಕಂಪೆನಿಗಳ ನಿಫ್ಟಿಯನ್ನು ಅನುಸರಿಸುವ ಮ್ಯೂಚುವಲ್ ಫಂಡ್‌ಗಳಿವೆ. ಮುಂದಿನ ವರ್ಷದ ಮಗಳ ಮದುವೆ, ಮಗನ ಕಾಲೇಜು ಫೀಸು, ಅಮ್ಮನ ಆಪರೇಷನ್‌ಗೆಂದು ತೆಗೆದಿಟ್ಟ ಹಣವನ್ನು ಮಾತ್ರ ಶೇರು ಪೇಟೆಯ ಕಡೆಗೆ ಒಯ್ಯುವುದೇ ಬೇಡ. ಅದು ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಇರಲಿ.

ಇಂದು ರಾತ್ರಿ ಊಟವಾದ ಮೇಲೆ ಮನೆಮಂದಿ ಒಟ್ಟಿಗೆ ಕುಳಿತು, ನಮ್ಮ ಹಣ ಎಲ್ಲೆಲ್ಲಿದೆ ಎಂದು ಒಂದು ಹಾಳೆಯಲ್ಲಿ ಬರೆದು ನೋಡೋಣವೇ?