ಧ್ಯಾನವೆಂದರೆ ಮನಸ್ಸು ಬರಿದಾಗುವುದೇ?

ಕಣ್ಣು ಮುಚ್ಚಿ ಕುಳಿತು ಐದು ನಿಮಿಷವಾಗುವಷ್ಟರಲ್ಲಿಯೇ ಹಾಲಿನವನ ಲೆಕ್ಕ, ಮಗಳ ಮದುವೆಯ ಚಿಂತೆ, ಎಂದೋ ಯಾರೋ ಆಡಿದ ಕೊಂಕುಮಾತು ಸಾಲುಗಟ್ಟಿ ಬಂದು ನಿಲ್ಲಲು, ‘ಇದು ನಮ್ಮಂಥವರಿಗಲ್ಲ’ ಎಂದು ಚಾಪೆ ಸುತ್ತಿಟ್ಟು ಏಳುವವರು ಅನೇಕರುಂಟು. ನಾನೂ ಒಮ್ಮೆ ಹಾಗೆ ಎದ್ದವನೇ. ಚಿತ್ತವು ಆಲೋಚನಾಶೂನ್ಯವಾದರೆ ಮಾತ್ರ ಧ್ಯಾನವೆಂಬ ಗ್ರಹಿಕೆಯೇ ಈ ನೈರಾಶ್ಯದ ಮೂಲ. ಭಗವದ್ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನನಂತಹ ಏಕಾಗ್ರಚಿತ್ತನೇ ಮನೋನಿಗ್ರಹವು ಗಾಳಿಯನ್ನು ತಡೆದು ನಿಲ್ಲಿಸಿದಷ್ಟು ದುಷ್ಕರವೆಂದು ಹೇಳಿಕೊಳ್ಳುತ್ತಾನೆ. ಶ್ರೀಕೃಷ್ಣನು ಆ ಮಾತನ್ನು ಅಲ್ಲಗಳೆಯದೆ, ಒಪ್ಪಿಕೊಂಡೇ, ಅಭ್ಯಾಸ ವೈರಾಗ್ಯಗಳ ದಾರಿಯನ್ನು ತೋರುತ್ತಾನೆ. ಐದನೆಯ ಶತಮಾನದ ಬೌದ್ಧ ಪಂಡಿತ ಬುದ್ಧಘೋಷನು ‘ವಿಶುದ್ಧಿಮಾರ್ಗ’ದಲ್ಲಿ ಮನಸ್ಸನ್ನು ಕಂಬಕ್ಕೆ ಕಟ್ಟಿದ ಪುಂಡುಗರುವಿಗೆ ಹೋಲಿಸಿದ್ದಾನೆ: ಅದು ಜಗ್ಗುತ್ತದೆ, ನೆಗೆಯುತ್ತದೆ, ಕೊನೆಗೆ ದಣಿದು ಕಂಬದ ಬುಡದಲ್ಲಿಯೇ ಮಲಗುತ್ತದೆ. ಉಸಿರೇ ಆ ಕಂಬ. ಅಲೆದುಹೋದುದನ್ನು ಕಂಡುಕೊಂಡು, ಸಿಡುಕದೆ, ಮತ್ತೆ ಉಸಿರಿನೆಡೆಗೆ ಮರಳುವುದೇ ಅಭ್ಯಾಸ.

ಪದ್ಮಾಸನವಿಲ್ಲದೆ ಧ್ಯಾನವಿಲ್ಲವೆಂಬುದು ಇನ್ನೊಂದು ಭ್ರಮೆ. ಪತಂಜಲಿಯು ಆಸನದಲ್ಲಿ ಬಯಸುವುದು ಸ್ಥೈರ್ಯ ಮತ್ತು ಸುಖ ಇವೆರಡನ್ನೇ. ಮಂಡಿನೋವಿನವರಿಗೆ ಕುರ್ಚಿಯೂ ಸಲ್ಲುತ್ತದೆ. ಉಪವಾಸವೂ ಬೇಕಿಲ್ಲ: ಅತಿಯಾಗಿ ಉಣ್ಣುವವನಿಗೂ ಉಣ್ಣದೆಯೇ ಇರುವವನಿಗೂ ಯೋಗವು ಸಿದ್ಧಿಸದೆಂಬುದು ಗೀತೆಯ ಅಭಿಪ್ರಾಯ.

ಇನ್ನು, ಧ್ಯಾನವು ಸರ್ವರೋಗಹರವೆಂಬ ಪ್ರಚಾರ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಶಾಲೆಯಲ್ಲಿ ಜಾನ್ ಕಬಟ್-ಜಿನ್ ಅವರು ದೀರ್ಘಕಾಲದ ನೋವಿನಿಂದ ಬಳಲುವವರಿಗಾಗಿ ಧ್ಯಾನದ ಶಿಕ್ಷಣಕ್ರಮವೊಂದನ್ನು ರೂಪಿಸಿದಾಗ, ನೋವನ್ನು ಅಳಿಸುವೆನೆಂಬ ಭರವಸೆಗಿಂತ ನೋವಿನೊಡನೆ ಬಾಳುವ ಬಗೆಯನ್ನು ಕಲಿಸುವುದೇ ಅದರ ಉದ್ದೇಶವಾಗಿತ್ತು. ತೀವ್ರ ಖಿನ್ನತೆಯಿಂದಲೋ ಹಳೆಯ ಆಘಾತದಿಂದಲೋ ನೊಂದ ಕೆಲವರಿಗೆ, ದೀರ್ಘ ಮೌನದಲ್ಲಿ ಕುಳಿತಾಗ ಕಳವಳವು ಇಳಿಯುವ ಬದಲು ಏರುವುದೂ ಉಂಟು. ಅಂಥವರು ಔಷಧವನ್ನು ತಾವಾಗಿಯೇ ಬಿಡದೆ, ವೈದ್ಯರನ್ನು ಕೇಳಿ, ಅನುಭವಸ್ಥರ ಸಮೀಪದಲ್ಲಿ, ಹತ್ತು ನಿಮಿಷದಿಂದ ಆರಂಭಿಸುವುದು ಲೇಸು.