ಅಂಚೆಯ ಕಚೇರಿಗೆ ಯೋಧನ ಹೆಸರು

ಕನ್ನಡದಲ್ಲಿ ‘ಶಾಸನ’ವೆಂಬ ಒಂದೇ ಶಬ್ದವು ಕಾಯಿದೆಗೂ ಕಲ್ಲಿನ ಬರಹಕ್ಕೂ ಸಲ್ಲುತ್ತದೆ. ಈ ಎರಡರ್ಥಗಳೂ ಒಂದೆಡೆ ಕೂಡತಕ್ಕ ಪದ್ಧತಿಯೊಂದು ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲುಂಟು. ಅಲ್ಲಿ ಅಂಚೆಯ ಕಚೇರಿಗೆ ವ್ಯಕ್ತಿಯೊಬ್ಬನ ಹೆಸರನ್ನಿಡಬೇಕಾದರೆ ಕಾಂಗ್ರೆಸ್ಸಿನ ಎರಡು ಸಭೆಗಳೂ ಮಸೂದೆಯನ್ನು ಅಂಗೀಕರಿಸಿ ಅಧ್ಯಕ್ಷನ ಅಂಕಿತಕ್ಕೆ ಕಳುಹುವುದು ವಾಡಿಕೆ.

ಇಂಥ ಶಾಸನದ ಒಡಲು ಬಹು ಚಿಕ್ಕದು. ಮೊದಲ ಭಾಗವು ಇಂಥ ಬೀದಿಯ ಕಟ್ಟಡಕ್ಕೆ ಇಂಥ ಹೆಸರೆಂದು ವಿಧಿಸುತ್ತದೆ. ಎರಡನೆಯದು, ಸರಕಾರದ ಕಾಯಿದೆ, ನಕ್ಷೆ, ಕಾಗದಪತ್ರಗಳಲ್ಲಿ ಆ ಕಟ್ಟಡದ ಪ್ರಸ್ತಾಪ ಬಂದಲ್ಲೆಲ್ಲ ಅದನ್ನು ಹೊಸ ಹೆಸರಿನ ಪ್ರಸ್ತಾಪವೆಂದೇ ಭಾವಿಸತಕ್ಕದ್ದೆನ್ನುತ್ತದೆ. ಊರಿನ ವಿಳಾಸವೇನೂ ಬದಲಾಗದು. ಒಳಗಿನ ಗೋಡೆಗೆ ಫಲಕವೊಂದು ಬರುವುದಷ್ಟೆ. ಆದುದರಿಂದಲೇ ಇದು ಬರಿಯ ಸಂಕೇತ, ಶಾಸನಸಭೆಯ ಕಾಲಹರಣ ಎಂದು ಆಕ್ಷೇಪಿಸುವವರುಂಟು.

ಆಕ್ಷೇಪವು ಪೂರ್ತಿಯಾಗಿ ಸಲ್ಲದು. ನ್ಯೂಯಾರ್ಕ್ ಸಂಸ್ಥಾನದ ಸಯೋ ಎಂಬ ಸಣ್ಣ ಊರಿನವನಾದ ಕಾರ್ಪೊರಲ್ ಜೇಸನ್ ಡನ್‌ಹಮ್ 2004ರ ಏಪ್ರಿಲಿನಲ್ಲಿ ಇರಾಕಿನೊಳಗೆ ಶತ್ರುವಿನ ಕೈಬಾಂಬಿನ ಮೇಲೆ ತನ್ನ ಶಿರಸ್ತ್ರಾಣವನ್ನೂ ಮೈಯನ್ನೂ ಒಡ್ಡಿ ಸಂಗಡಿಗರನ್ನು ಉಳಿಸಿದನು. ಎಂಟು ದಿನಗಳ ತರುವಾಯ ಮಡಿದನು. ಆಗ ಅವನಿಗೆ 22 ವರ್ಷ. ಆ ದೇಶದ ಅತ್ಯುನ್ನತ ಸೈನಿಕ ಪದಕವು ಅವನ ತಂದೆತಾಯಿಗಳ ಕೈಸೇರಿದುದು 2007ರ ಜನವರಿಯಲ್ಲಿ. ಸಯೋದ ಅಂಚೆಯ ಕಚೇರಿಗೆ ಅವನ ಹೆಸರನ್ನಿಟ್ಟ ಶಾಸನವಾದರೋ 2006ರದು. ಪದಕಕ್ಕಿಂತ ಅದೇ ಮುಂಚೆ ಬಂದಿತು. ಅವನು ಬಿದ್ದ ನೆಲ ದೂರದ್ದು. ಹೆಸರು ನಿಂತುದು ಅವನನ್ನು ಬಾಲ್ಯದಿಂದ ಬಲ್ಲವರು ಕಾಗದ ಹಾಕಲು ಬರುವೆಡೆಯಲ್ಲಿ. ನಮ್ಮ ಹಳ್ಳಿಗಳ ವೀರಗಲ್ಲುಗಳನ್ನು ಓದಿದವರಿಗೆ ಈ ಕ್ರಮವು ಅಪರಿಚಿತವಾಗಿ ತೋರದು. ಭೇದವಿಷ್ಟೇ: ಅಲ್ಲಿ ಬರೆಯಿಸಿದುದು ಬಂಧುವಲ್ಲ, ಒಡೆಯನೂ ಅಲ್ಲ, ಪ್ರಜಾಪ್ರತಿನಿಧಿಗಳ ಮತ.