ಹೆದರಿಕೆ ಬೇರು ಬಿಡೋದು ತಡವಾಗಿ

ಬೆಂಗಳೂರು: ಬೈಕ್ ಅಪಘಾತದಲ್ಲಿ ಮೈಗೆ ಗೀರೂ ಬೀಳದೆ ಪಾರಾದವರು ಮೊದಲ ದಿನ ಆರಾಮಾಗೇ ಇರ್ತಾರೆ. ವಾರ ಕಳೆದ ಮೇಲೆ ಕೆಲವರಿಗೆ ನಿದ್ದೆ ಕೆಡುತ್ತದೆ, ಲಾರಿ ಹಾರನ್ ಕೇಳಿದರೆ ಬೆಚ್ಚಿಬೀಳುತ್ತಾರೆ. ‘ಆವಾಗ ಏನೂ ಆಗ್ಲಿಲ್ವಲ್ಲ, ಈಗ್ಯಾಕೆ ನಾಟಕ?’ ಅಂತ ಮನೆಯವರು ಗದರುವುದೂ ಉಂಟು. ಅದು ನಾಟಕವಲ್ಲ ಎನ್ನಲು ಬೆಂಗಳೂರಿನಲ್ಲೇ ನಡೆದ ಇಲಿಗಳ ಪ್ರಯೋಗ ಆಧಾರ ಒದಗಿಸಿದೆ.

ಜಿಕೆವಿಕೆ ಆವರಣದ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದಲ್ಲಿ ನರವಿಜ್ಞಾನಿ ಸುಮಂತ್ರ ಚಟರ್ಜಿ ಮತ್ತು ಸಂಗಡಿಗರು ಮಿದುಳಿನ ಎರಡು ಭಾಗಗಳನ್ನು ಹೋಲಿಸಿ ನೋಡಿದರು. ಎಲ್ಲಿ, ಯಾವಾಗ, ಏನಾಯಿತು ಎಂಬ ನೆನಪಿಗೆ ಬೇಕಾದದ್ದು ಹಿಪೊಕ್ಯಾಂಪಸ್. ಬಾದಾಮಿಯಂತಿರುವ ಅಮಿಗ್ಡಲ ಭಯದ ಠಾಣೆ.

ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಕಟ್ಟಿಹಾಕಿದಾಗ ಹಿಪೊಕ್ಯಾಂಪಸ್‌ನ ನರಕೋಶದ ಕೊಂಬೆಗಳು ಮುದುಡಿದವು, ಅಮಿಗ್ಡಲದಲ್ಲಿ ಅವೇ ಕೊಂಬೆಗಳು ಹರಡಿ ಬೆಳೆದವು. ಇದು 2002ರ ವರದಿ. ಒಂದೇ ಕಷ್ಟ, ಒಂದು ಕಡೆ ಬಾಡಿಸುತ್ತೆ, ಇನ್ನೊಂದು ಕಡೆ ಗೊಬ್ಬರ ಹಾಕುತ್ತೆ! ಆಮೇಲೆ 21 ದಿನ ನೆಮ್ಮದಿಯಾಗಿ ಬಿಟ್ಟರೂ ಅಮಿಗ್ಡಲ ಮೊದಲಿನಂತಾಗಲಿಲ್ಲ, ಇಲಿಗಳ ಆತಂಕವೂ ಇಳಿಯಲಿಲ್ಲ ಎಂದು 2004ರಲ್ಲಿ ಕಂಡುಬಂತು.

ಇನ್ನೂ ಸೋಜಿಗದ್ದು 2005ರ ಫಲಿತಾಂಶ. ಈ ಸಲ ಕಟ್ಟಿಹಾಕಿದ್ದು ಒಂದೇ ಸಾರಿ, 2 ಗಂಟೆ ಮಾತ್ರ. ಮರುದಿನ ನೋಡಿದರೆ ಏನೂ ಇಲ್ಲ. ಹತ್ತನೇ ದಿನಕ್ಕೆ ಅಮಿಗ್ಡಲದ ಕೊಂಬೆಗಳ ಮೇಲೆ ಹೊಸ ಮುಳ್ಳುಗಳು ಮೂಡಿದ್ದವು. ಕೋಶಕ್ಕೆ ಕೋಶ ಸಂಪರ್ಕ ಕೂಡುವುದು ಈ ಮುಳ್ಳುಗಳಲ್ಲೇ. ಇಲಿಗಳೂ ಅಂಜುಬುರುಕ ಆಗಿದ್ದವು.

ಹಾಗಾದರೆ ನಡುವಿನ ದಿನಗಳಲ್ಲಿ ತಡೆಯಬಹುದಲ್ಲ? ಪೆಟ್ಟಾದ ಮರುದಿನ ಕುಡಿಯುವ ನೀರಿನಲ್ಲಿ ಕಾರ್ಟಿಕೋಸ್ಟೆರಾನ್ ಎಂಬ ಒತ್ತಡದ ಹಾರ್ಮೋನು ಬೆರೆಸಿ ಕೊಟ್ಟಾಗ ಆ ತಡವಾದ ಬದಲಾವಣೆ ಇಲಿಗಳಲ್ಲಿ ಕಾಣಿಸಲಿಲ್ಲ ಎಂದು ಇದೇ ತಂಡ 2020ರಲ್ಲಿ ಬರೆಯಿತು. ಹಾಗಂತ ಮೆಡಿಕಲ್ ಸ್ಟೋರಿಗೆ ಹೋಗಿ ಸ್ಟೆರಾಯ್ಡ್ ಗುಳಿಗೆ ಕೇಳೋದು ಬೇಡ. ಇದು ಇಲಿಯ ಲೆಕ್ಕ, ಮನುಷ್ಯರಿಗೆ ಔಷಧ ಹೇಳಬೇಕಾದವರು ವೈದ್ಯರೇ.

ಗಡಿಯಾಚೆ ಇರುವವರಿಗೆ ಭಯವನ್ನು ತಮಿಳು, ತೆಲುಗು, ಮರಾಠಿಯಲ್ಲಿ ಡಾಕ್ಟರ ಮುಂದೆ ಬಿಡಿಸಿ ಹೇಳೋದು ಇನ್ನೊಂದು ತಾಪತ್ರಯ. ಹೊಸೂರು ಕಡೆಯವರಿಗೆ ಹೊಸೂರು ರಸ್ತೆಯಲ್ಲೇ ನಿಮ್ಹಾನ್ಸ್ ಇದೆ. ದೂರದವರು 2022ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಬಹುದು. ಅಲ್ಲಿನ ಭಾಷೆಗಳಲ್ಲಿ ಕನ್ನಡವೂ ಇದೆ.